ಹೊಸ ಭಾಷೆ ಕಟ್ಟುವ ಬಗೆ



ಭಾಷೆ ಜನರ ಬಾಯಲ್ಲಿ ತಾನಾಗಿ ಬೆಳೆಯುವಂಥದು. ಆದರೆ ಒಬ್ಬರೇ ಕುಳಿತು ಕಟ್ಟಿದ ಭಾಷೆಗಳೂ ಇವೆ. 2015ರಲ್ಲಿ ತೆರೆಕಂಡ ‘ಬಾಹುಬಲಿ’ ಚಿತ್ರದಲ್ಲಿ ಕಾಲಕೇಯರು ಆಡುವ ‘ಕಿಲಿಕಿ’ ಅಂಥದೊಂದು. ಚಿತ್ರದ ನಿರ್ದೇಶಕ ಎಸ್. ಎಸ್. ರಾಜಮೌಳಿಯವರು ಹುಟ್ಟಿದ್ದು ನಮ್ಮ ಮಾನ್ವಿ ತಾಲ್ಲೂಕಿನಲ್ಲಿಯೇ. ಭಾಷೆಯನ್ನು ರಚಿಸಿದವರು ತಮಿಳಿನ ಗೀತರಚನಕಾರ ಮದನ್ ಕಾರ್ಕಿ. ಕಿಲಿಕಿಯಲ್ಲಿ ‘ಮಿನ್’ ಎಂದರೆ ನಾನು. ಅದನ್ನೇ ತಿರುಗಿಸಿದರೆ ‘ನಿಮ್’, ಅಂದರೆ ನೀನು. ಬಾಯಿಗೆ ಬಂದದ್ದನ್ನೆಲ್ಲ ಆಡಿದರೆ ಭಾಷೆಯಾಗದು, ಅದಕ್ಕೊಂದು ಕಟ್ಟು ಬೇಕು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ನೀವೂ ಒಂದು ಭಾಷೆ ಕಟ್ಟುವಿರಾದರೆ ಮೊದಲ ಕೆಲಸ ಧ್ವನಿಗಳ ಆಯ್ಕೆ. ಯಾವ ಧ್ವನಿ ಬೇಕು, ಯಾವುದು ಬೇಡ? ಕನ್ನಡದಲ್ಲಿ ‘ಹುಲಿ’ ಬೇರೆ, ‘ಹುಳಿ’ ಬೇರೆ. ಲಕಾರ, ಳಕಾರಗಳ ಈ ಭೇದ ಇಂಗ್ಲಿಷಿನಲ್ಲಿ ಇಲ್ಲ.

ಎರಡನೆಯದು, ಧ್ವನಿಗಳನ್ನು ಜೋಡಿಸುವ ಕ್ರಮ. ಪದ ಯಾವುದರಿಂದ ಮುಗಿಯಬೇಕು? ನಮ್ಮ ಆಡುಮಾತಿಗೆ ಪದದ ಕೊನೆಯಲ್ಲಿ ಸ್ವರ ಬೇಕು. ಆದ್ದರಿಂದ ಇಂಗ್ಲಿಷಿನ ಬಸ್ ನಮ್ಮಲ್ಲಿ ‘ಬಸ್ಸು’, ಪೆನ್ ‘ಪೆನ್ನು’. ಆದರೆ ಕಾರ್ ‘ಕಾರು’, ರೋಡ್ ‘ರೋಡು’. ಇಂಥ ಚಿಕ್ಕ ಪದಗಳಲ್ಲಿ ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಯಾಯಿತು, ದೀರ್ಘದ ಮುಂದೆ ಆಗಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ನಿಯಮವನ್ನು ತಪ್ಪುವುದಿಲ್ಲ!

ಮೂರನೆಯದು ಪದರಚನೆ. 1887ರಲ್ಲಿ ಜಾಮೆನ್‌ಹೋಫ್ ಎಂಬ ಕಣ್ಣಿನ ವೈದ್ಯರು ‘ಎಸ್ಪೆರಾಂಟೊ’ ಭಾಷೆಯನ್ನು ಪ್ರಕಟಿಸಿದರು. ಅವರು ಹುಟ್ಟಿದ ಬಿಯಾವಿಸ್ತೋಕ್ ಪಟ್ಟಣದಲ್ಲಿ ಹಲವು ಭಾಷೆಯ ಜನರಿದ್ದರು, ಜಗಳಗಳೂ ಇದ್ದವು. ಎಲ್ಲರೂ ಸುಲಭವಾಗಿ ಕಲಿಯುವ ಭಾಷೆ ಬೇಕೆಂದು ಅವರು ನಿಯಮಗಳನ್ನು ಸರಳಗೊಳಿಸಿದರು. ಅದರಲ್ಲಿ ನಾಮಪದಗಳೆಲ್ಲ ‘ಒ’ಕಾರದಿಂದ ಮುಗಿಯುತ್ತವೆ. ‘ಬೋನಾ’ ಎಂದರೆ ಒಳ್ಳೆಯ. ಮುಂದೆ ‘ಮಾಲ್’ ಸೇರಿಸಿದರೆ ‘ಮಾಲ್‌ಬೋನಾ’, ಕೆಟ್ಟ. ಒಂದು ತುಂಡು ಕಲಿತರೆ ನೂರು ಪದ ಕಲಿತಂತೆ.

ಈಗ ನಮ್ಮ ಮಾತನ್ನೇ ಗಮನಿಸಿ. ಪುಸ್ತಕದ ‘ಓದುತ್ತಿದ್ದೇನೆ’ ರಾಯಚೂರು, ದೇವದುರ್ಗಗಳ ಕಡೆ ‘ಓದಾಕತ್ತೀನಿ’ ಆಗುತ್ತದೆ. ಇದು ಅಶುದ್ಧವೆಂದು ನಗುವವರುಂಟು. ನಾಚಿ ಬಾಯಿ ಮುಚ್ಚುವ ಮಕ್ಕಳೂ ಉಂಟು. ಆದರೆ ಓದಾಕತ್ತೀನಿ, ಮಾಡಾಕತ್ತೀನಿ, ನೋಡಾಕತ್ತೀನಿ ಎಂದು ಸಾಲಾಗಿ ಬರೆದು ನೋಡಿ. ‘ಹತ್ತು’ ಎಂಬ ಕ್ರಿಯಾಪದವೇ ಕರಗಿ ಪ್ರತ್ಯಯದಂತೆ ಎಲ್ಲಕ್ಕೂ ಒಂದೇ ರೀತಿ ಅಂಟಿದೆ. ಎಸ್ಪೆರಾಂಟೊದ ಜಾಣತನ ಇಲ್ಲಿಯೂ ಇದೆಯಲ್ಲವೇ? ಗ್ರಂಥಭಾಷೆಯನ್ನು ಕಲಿಯಲೇಬೇಕು, ಆದರೆ ಅದಕ್ಕಾಗಿ ಮನೆಯ ಮಾತನ್ನು ಹಳಿಯಬೇಕಾಗಿಲ್ಲ.

ಆದ್ದರಿಂದ ಹೊಸ ಭಾಷೆ ಕಟ್ಟುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮೂರ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಬೆರೆತ ಮಾತನ್ನು ಕಿವಿಗೊಟ್ಟು ಕೇಳಿ. ಹೊರಗಿನಿಂದ ಬಂದ ಇಪ್ಪತ್ತು ಪದಗಳನ್ನು ಬರೆದುಕೊಂಡು, ಅವುಗಳ ಕೊನೆ ಹೇಗೆ ಬದಲಾಗಿದೆ ಎಂದು ವಿಂಗಡಿಸಿ. ಯಾರೂ ಬರೆದಿಡದ ವ್ಯಾಕರಣವೊಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಮೂಡತೊಡಗುತ್ತದೆ.