ಅನಿಲದ ಲೆಕ್ಕ ಕಲಿಯಿರಿ, ಜೀವ ಉಳಿಸಿ!

(ಮಾಕಳಿಯಲ್ಲಿ ಯುವಜನರ ಮುಂದೆ ಆಡಿದ ಮಾತಿನ ಬರಹರೂಪ)



ಪಿಯುಸಿಯಲ್ಲಿ ‘ಮೋಲ್’ ಎಂಬ ಪದ ಕೇಳಿದೊಡನೆ ನಿಮ್ಮಲ್ಲಿ ಎಷ್ಟು ಜನ ಪುಸ್ತಕ ಮುಚ್ಚಿಟ್ಟಿರಿ? ಇದು ಇಂಗ್ಲಿಷ್ ಬಲ್ಲವರ ಸೊತ್ತು ಎಂದುಕೊಂಡಿರಾ? ಅಲ್ಲ! 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರಂಥ ಹಿರಿಯರು ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದ ನಾಡು ಇದು. ಮೋಲ್ ನಿಮ್ಮ ಅಡುಗೆಮನೆಯ ಲೆಕ್ಕ. ಕನ್ನಡದಲ್ಲೇ ಮಾಡೋಣ ಬನ್ನಿ.

1811ರಲ್ಲಿ ಇಟಲಿಯ ಅವೊಗಾಡ್ರೊ ಒಂದು ಮಾತು ಹೇಳಿದ. ಒತ್ತಡ, ಉಷ್ಣತೆ ಒಂದೇ ಇದ್ದರೆ, ಸಮ ಗಾತ್ರದ ಯಾವುದೇ ಎರಡು ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಅರ್ಧ ಶತಮಾನ ಈ ಮಾತಿಗೆ ಕಿವಿಗೊಟ್ಟವರು ಕಡಿಮೆ. 1860ರ ನಂತರವೇ ಜಗತ್ತು ಒಪ್ಪಿತು. ಅಷ್ಟರಲ್ಲಿ ಅವೊಗಾಡ್ರೊ ತೀರಿಕೊಂಡಿದ್ದ.

ಯಾಕೆ ಸಮ? ಅನಿಲದಲ್ಲಿ ಅಣುಗಳ ನಡುವೆ ಬಯಲೇ ಹೆಚ್ಚು. ಅಣು ದಪ್ಪವೋ ಸಣ್ಣವೋ ಯಾರೂ ಕೇಳುವುದಿಲ್ಲ. ತುಮಕೂರು ರಸ್ತೆಯ ಬಸ್ಸಿನಲ್ಲಿ ಕಂಡಕ್ಟರ್ ತೂಕ ನೋಡಿ ಟಿಕೆಟ್ ಕೊಡುತ್ತಾನೆಯೇ? ತಲೆ ಎಣಿಸಿ ಕೊಡುತ್ತಾನೆ. ಇಲ್ಲೂ ಅಷ್ಟೇ!

ಆದರೆ ಅಣುಗಳನ್ನು ಒಂದೊಂದಾಗಿ ಎಣಿಸಲಾದೀತೆ? ಅದಕ್ಕೇ ಒಂದು ಕಟ್ಟು ಮಾಡಿದರು. ಡಜನ್ ಅಂದರೆ 12. ಮೋಲ್ ಅಂದರೆ ಸುಮಾರು 6ರ ಮುಂದೆ 23 ಸೊನ್ನೆ. 0 ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ ಒಂದು ಮೋಲ್ ಅನಿಲಕ್ಕೆ 22.4 ಲೀಟರ್ ಜಾಗ ಬೇಕು ಎಂದು ಓದಿದ್ದೀರಿ. ನಮ್ಮ ಬೆಂಗಳೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. 25 ಡಿಗ್ರಿಯ ದಿನ ಇಲ್ಲಿ ಒಂದು ಮೋಲ್‌ಗೆ ಸುಮಾರು 27 ಲೀಟರ್ ಬೇಕು.

ಈಗ ಮನೆಯ ಸಿಲಿಂಡರ್ ನೋಡಿ. ಒಳಗಿರುವುದು ಪ್ರೊಪೇನ್, ಬ್ಯುಟೇನ್ ಬೆರಕೆ, 14.2 ಕಿಲೋ. ಒಂದು ಮೋಲ್ ಸುಮಾರು 50 ಗ್ರಾಂ ಎಂದುಕೊಳ್ಳಿ. ಅಂದರೆ 284 ಮೋಲ್. ಎಲ್ಲವೂ ಹೊರಬಂದರೆ ಏಳೂವರೆ ಸಾವಿರ ಲೀಟರಿಗೂ ಹೆಚ್ಚು!

ದುಡಿಯುವ ಹುಡುಗರು ನಾಲ್ಕೈದು ಜನ ಸೇರಿ ಒಂದೇ ಕೋಣೆಯಲ್ಲಿರುತ್ತಾರೆ. ಒಲೆ, ಸಿಲಿಂಡರ್, ಹಾಸಿಗೆ ಎಲ್ಲ ಅಲ್ಲೇ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಕೋಣೆಯಲ್ಲಿ ಗಾಳಿ ಸುಮಾರು 28 ಸಾವಿರ ಲೀಟರ್. ಅದರಲ್ಲಿ ನೂರಕ್ಕೆ ಎರಡು ಪಾಲು ಈ ಅನಿಲ ಸೇರಿದರೆ ಒಂದು ಕಿಡಿ ಸಾಕು. ಎರಡು ಪಾಲು ಅಂದರೆ 560 ಲೀಟರ್, 21 ಮೋಲ್. ತೂಕ? ಒಂದೇ ಒಂದು ಕಿಲೋ!

ಇನ್ನೊಂದು ಮಾತು. ಒಂದು ಮೋಲ್ ಗಾಳಿಯ ತೂಕ 29 ಗ್ರಾಂ, ಅಷ್ಟೇ ಜಾಗ ಹಿಡಿಯುವ ಈ ಅನಿಲದ್ದು 50 ಗ್ರಾಂ. ಆದ್ದರಿಂದ ಸೋರಿದ ಅನಿಲ ಮೇಲೇರದು, ನೆಲ ಹಿಡಿದು ಹರಡುತ್ತದೆ, ನೀವು ಮಲಗಿದ ಕಡೆಗೇ. ಅಲ್ಲಿ ಒಂದು ಕಿಲೋ ಕೂಡ ಬೇಕಿಲ್ಲ. ಮೇಲಿನ ಗವಾಕ್ಷಿಯೊಂದನ್ನೇ ನಂಬಬೇಡಿ.

ವಾಸನೆ ಬಂತೋ, ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಬೆಂಕಿಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕರೆತನ್ನಿ. ಹೊರಗೆ ಬಂದಮೇಲೆ 1906ಕ್ಕೆ ಫೋನ್ ಮಾಡಿ.

ಗೆಳೆಯರೇ, ಈ ಲೆಕ್ಕವನ್ನು ಮನೆಯಲ್ಲಿ ಅವ್ವನಿಗೆ, ತಂಗಿಗೆ ಹೇಳಿ. ಪಕ್ಕದ ಕೋಣೆಯವನ ಭಾಷೆ ಯಾವುದೇ ಇರಲಿ, ಅವನಿಗೂ ತಿಳಿಸಿ. ಬೆಂಕಿ ಗೋಡೆ ನೋಡಿ ನಿಲ್ಲುವುದಿಲ್ಲ!