ಬುಕಾನನ್‌ಗೆ ಉತ್ತರ ಕೊಟ್ಟವರು



ಜ್ಞಾನೋದಯ ಯುಗದ ಚಿಂತಕರ ಪ್ರವಾಸ ಎಂದರೆ ವೋಲ್ಟೇರ್ ಲಂಡನ್ನಿಗೆ ಹೋದದ್ದು, ಆಡಂ ಸ್ಮಿತ್ ಪ್ಯಾರಿಸ್ಸಿನಲ್ಲಿ ಅರ್ಥಶಾಸ್ತ್ರಜ್ಞ ಕೆನೆಯನ್ನು ಕಂಡದ್ದು ನೆನಪಾಗುತ್ತದೆ. ಅದೇ ಯುಗದ ಗರಡಿಯಲ್ಲಿ ಪಳಗಿದ ಒಬ್ಬ ವಿದ್ವಾಂಸ ಹಾಸನ ಜಿಲ್ಲೆಯ ನಮ್ಮ ಹಗರೆಯ ಆಸುಪಾಸಿನಲ್ಲೇ ಓಡಾಡಿಹೋದ. ಈ ಸಂಕಿರಣಕ್ಕೆ ಹಗರೆಗಿಂತ ಒಳ್ಳೆಯ ಜಾಗ ಬೇಕಿಲ್ಲ ಎಂದು ನಾನು ಹೇಳುವುದು ಅದಕ್ಕೇ.

ಫ್ರಾನ್ಸಿಸ್ ಬುಕಾನನ್ ಸ್ಕಾಟ್ಲೆಂಡಿನವನು. ಡೇವಿಡ್ ಹ್ಯೂಮ್ ಬಾಳಿದ ಎಡಿನ್‌ಬರೋದಲ್ಲಿ ಓದಿ 1783ರಲ್ಲಿ ವೈದ್ಯನಾದ; ಜಾನ್ ಹೋಪ್ ಬಳಿ ಸಸ್ಯಶಾಸ್ತ್ರ ಕಲಿತ. ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟ. ಕೈವಶವಾದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಅದರಿಂದ ಏನು ಗಿಟ್ಟುತ್ತದೆ ಎಂಬುದು ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಾಚಾರ. ಇದನ್ನು ಬದಿಗಿಟ್ಟು ಅವನನ್ನು ಬರೀ ಜ್ಞಾನದಾಹಿಯೆಂದು ಕೊಂಡಾಡಲು ನಾನು ಸಿದ್ಧನಿಲ್ಲ.

1801ರಲ್ಲಿ ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಬಂದ. ಹೊಯ್ಸಳೇಶ್ವರ ಗುಡಿಯ ಬಗ್ಗೆ ಅವನು ಬರೆದದ್ದನ್ನು ನಿಧಾನವಾಗಿ ಓದಬೇಕು. ಮನುಷ್ಯರ, ಪ್ರಾಣಿಗಳ ರೂಪದಲ್ಲಿ ಸೊಬಗಿಲ್ಲ ಎನ್ನುತ್ತಾನೆ. ಎಲೆಬಳ್ಳಿಯ ಕೆತ್ತನೆ ಅಚ್ಚುಕಟ್ಟಾಗಿದೆ ಎಂದು ಮೆಚ್ಚುತ್ತಾನೆ. ಕೊನೆಗೆ, ತಾನು ಅದುವರೆಗೆ ಕಂಡ ಹಿಂದೂ ಕಟ್ಟಡಗಳನ್ನೆಲ್ಲ ಇದು ಮೀರಿಸಿತು ಎಂದು ಒಪ್ಪಿಕೊಳ್ಳುತ್ತಾನೆ. ಮದನಿಕೆಯರ ನಾಡಿನವರಾದ ನಮಗೆ ಮೊದಲ ಮಾತು ಚುಚ್ಚುತ್ತದೆ, ಚುಚ್ಚಲಿ. ಯುರೋಪಿನ ಶಿಲ್ಪದ ಅಳತೆಗೋಲು ಹಿಡಿದು ಬಂದವನಿಗೆ ಬಳ್ಳಿಯ ಮುಂದೆ ಮಾತ್ರ ಸಸ್ಯಶಾಸ್ತ್ರಿಯ ಸ್ವಂತ ಕಣ್ಣು ತೆರೆಯಿತು ಎಂಬುದು ನನ್ನ ಊಹೆ.

ಅವನು ಹೋದಲ್ಲೆಲ್ಲ ಕೇಳುತ್ತಿದ್ದ: ನೇಗಿಲು ಹೇಗೆ, ಬಿತ್ತನೆ ಎಷ್ಟು, ಕೂಲಿ ಏನು, ಮದುವೆ ಹೇಗೆ, ಸತ್ತ ಮೇಲೆ ಏನಾಗುತ್ತದೆ? 1807ರಲ್ಲಿ ಅಚ್ಚಾದ ಮೂರು ಸಂಪುಟಗಳು ಈ ಉತ್ತರಗಳಿಂದಲೇ ತುಂಬಿವೆ. ಆದರೆ ಉತ್ತರ ಕೊಟ್ಟವರಲ್ಲಿ ಬಹುತೇಕರಿಗೆ ಅಲ್ಲಿ ಹೆಸರಿಲ್ಲ. ರೈತರು, ಬ್ರಾಹ್ಮಣರು, ಜೈನರು ಎಂದಷ್ಟೇ ಇದೆ. ಮಣ್ಣಿನ ಗುಣವನ್ನು ವಿಂಗಡಿಸಿ ವಿವರಿಸಿದ ರೈತನೂ, ಆತ್ಮ ಕರ್ಮಗಳ ಸಂಬಂಧವನ್ನು ತರ್ಕಬದ್ಧವಾಗಿ ಬಿಡಿಸಿಟ್ಟ ಜೈನ ಯತಿಯೂ ಚಿಂತಕರೇ. ಪ್ರವಾಸಿ ಕಂಡ ಚಿಂತಕರು ಯಾರು ಎಂಬ ಪ್ರಶ್ನೆಗೆ ನಾವು ಇವರಿಂದಲೇ ಉತ್ತರ ಆರಂಭಿಸಬೇಕು.

ಹೆಸರು ದಾಖಲಿಸುವ ವಿಷಯದಲ್ಲಿ ಕಾಲಿನ್ ಮೆಕೆಂಜಿ ಸ್ವಲ್ಪ ಮೇಲು. ಲಾಗರಿದಮ್ ಕೊಟ್ಟ ಜಾನ್ ನೇಪಿಯರ್‌ನ ಜೀವನಚರಿತ್ರೆಯ ಕೆಲಸದಿಂದ ಭಾರತೀಯ ಗಣಿತದ ಕುತೂಹಲ ಹತ್ತಿ, 1783ರಲ್ಲಿ ಭಾರತಕ್ಕೆ ಬಂದವನು. ಮುಂದೆ ಮೈಸೂರು ಸೀಮೆಯ ಸರ್ವೆ ನಡೆಸಿದ. ಭಾರತೀಯ ವಿದ್ಯೆಯ ಬಾಗಿಲು ತನಗೆ ತೆರೆದದ್ದು ತನ್ನ ಸಹಾಯಕ ಕಾವಲಿ ವೆಂಕಟ ಬೋರಯ್ಯನವರಿಂದ ಎಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ಹಳಗನ್ನಡ ಶಾಸನಗಳನ್ನು ಓದಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಚಿತ್ರದಲ್ಲಿ ಪಂಡಿತರೂ ಜೊತೆಗೆ ನಿಂತಿದ್ದಾರೆ. ಹಿಂದೆ ದೂರದಲ್ಲಿ ಗೊಮ್ಮಟನಿದ್ದಾನೆ. ‘ಏಷ್ಯಾಟಿಕ್ ರಿಸರ್ಚಸ್’ನ 9ನೇ ಸಂಪುಟದಲ್ಲಿ ಬುಕಾನನ್‌ನ ಟಿಪ್ಪಣಿಯ ಜೊತೆಗೇ ಶ್ರವಣಬೆಳಗೊಳದ ಚಾರುಕೀರ್ತಿ ಆಚಾರ್ಯರಿಂದ ಪಡೆದ ಜೈನಮತದ ವಿವರಣೆ, ಬೋರಯ್ಯನವರ ಅನುವಾದ ಎರಡೂ ಅಚ್ಚಾಗಿವೆ. ಯುರೋಪಿನ ವಿದ್ವಾಂಸರು ಜೈನರನ್ನು ಅರಿಯತೊಡಗಿದ್ದು ಇಂಥ ಬರಹಗಳಿಂದ.

ಇವತ್ತಿನ ಗೋಷ್ಠಿಗಳಿಗೆ ನನ್ನದೊಂದು ಬೇಡಿಕೆ ಇದೆ. ಬುಕಾನನ್‌ನ ಪುಸ್ತಕದಲ್ಲಿ ಜಾವಗಲ್ಲಿನಿಂದ ಹಾಸನದವರೆಗಿನ ಪುಟಗಳನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಓದಿ ಹೇಳಲಿ. ಕೊಳಗ, ಖಂಡುಗಗಳಲ್ಲಿ ರಾಗಿ ಅಳೆದು ಬದುಕಿದ ಹಿರಿಯರು ಈ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಮೊದಲ ಗೋಷ್ಠಿಯಲ್ಲಿ ದಯವಿಟ್ಟು ಅವರನ್ನು ಮುಂದೆ ಕರೆಯಿರಿ. ಬುಕಾನನ್ ಎಲ್ಲಿ ಸರಿ, ಎಲ್ಲಿ ತಪ್ಪಿದ ಎಂದು ಅವರು ಹೇಳಲಿ, ನಾವು ಬರೆದುಕೊಳ್ಳೋಣ. ಈ ಸಲ ಹೇಳಿದವರ ಹೆಸರೂ ಸೇರಿಸಿ.