ನಾಯಿಕೆಮ್ಮಿನ ರೋಗಾಣು ಮತ್ತು ದೇಹದ ಕಾವಲು



ಕಳೆದ ಮಳೆಗಾಲದಲ್ಲಿ ಏಳು ವಾರಗಳ ಶಿಶುವೊಂದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದರು. ಕೆಮ್ಮು ಹೆಚ್ಚೇನೂ ಇರಲಿಲ್ಲ. ಆದರೆ ಆಗಾಗ ಉಸಿರು ನಿಂತು ಮುಖ ನೀಲಿಗಟ್ಟುತ್ತಿತ್ತು. ರಕ್ತದಲ್ಲಿ ಘನ ಮಿಲಿಮೀಟರಿಗೆ ಅರವತ್ತು ಸಾವಿರಕ್ಕೂ ಮಿಕ್ಕಿ ಬಿಳಿಯ ಕಣಗಳಿದ್ದವು. ರೋಗದೊಡನೆ ಹೋರಾಡುವ ಕಣಗಳು ಇಷ್ಟೊಂದಿದ್ದೂ ಮಗು ಸೋಲುತ್ತಿದ್ದುದೇಕೆ?

ನಾಯಿಕೆಮ್ಮಿನ ರೋಗಾಣುವನ್ನು 1906ರಲ್ಲಿ ಬೆಲ್ಜಿಯಂ ದೇಶದ ಬೋರ್ಡೆ ಮತ್ತು ಜೆಂಗು ಎಂಬ ವಿಜ್ಞಾನಿಗಳು ಬೇರ್ಪಡಿಸಿ ಬೆಳೆಸಿದರು. ಶ್ವಾಸನಾಳದ ಒಳಪದರದಲ್ಲಿ ಕಫವನ್ನು ಮೇಲಕ್ಕೆ ದೂಡುವ ಸೂಕ್ಷ್ಮ ರೋಮಗಳಿವೆ. ರೋಗಾಣುವು ಅವುಗಳಿಗೆ ಅಂಟಿಕೊಂಡು ಆ ಜೀವಕೋಶಗಳನ್ನು ಕೊಲ್ಲುತ್ತದೆ. ರೋಗಾಣುಗಳನ್ನು ನುಂಗಲು ಧಾವಿಸಿ ಬರುವ ಬಿಳಿಯ ಕಣಗಳೊಳಕ್ಕೆ ಅದರ ಒಂದು ವಿಷವು ನುಗ್ಗಿ, ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಾಹಕ ವಸ್ತುವನ್ನು ಮಿತಿಮೀರಿ ತಯಾರಿಸುತ್ತದೆ. ಆ ಕಣಗಳು ನುಂಗುವುದನ್ನೇ ಮರೆಯುತ್ತವೆ.

ಪರ್ಟುಸಿಸ್ ವಿಷವೆಂಬ ಇನ್ನೊಂದರ ಚಾತುರ್ಯ ಇದಕ್ಕೂ ಮಿಗಿಲು. ಸೋಂಕಿನ ಸ್ಥಳದಿಂದ ಹೊರಡುವ ರಾಸಾಯನಿಕ ಕರೆಯನ್ನು ಬಿಳಿಯ ಕಣದ ಹೊರಪೊರೆಯಲ್ಲಿರುವ ಗ್ರಾಹಕಗಳು ಹಿಡಿಯುತ್ತವೆ. ಅದನ್ನು ಒಳಕ್ಕೆ ಮುಟ್ಟಿಸುವುದು ಜಿ ಪ್ರೋಟೀನು. ವಿಷವು ಈ ಪ್ರೋಟೀನಿಗೆ ಒಂದು ರಾಸಾಯನಿಕ ತುಣುಕನ್ನು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕರೆ ಬಾಗಿಲಿನವರೆಗೆ ಬಂದರೂ ಮನೆಯೊಳಗಿನವರಿಗೆ ಕೇಳಿಸದು. ಲಿಂಫೋಸೈಟುಗಳು ರಕ್ತನಾಳದಿಂದ ಅಂಗಾಂಶಕ್ಕೆ ಇಳಿಯಲಾರದೆ ರಕ್ತದಲ್ಲಿಯೇ ಕೂಡಿಕೊಳ್ಳುತ್ತವೆ. ಆ ದೊಡ್ಡ ಸಂಖ್ಯೆಯ ಅರ್ಥವಿಷ್ಟೆ. ಹಸುಗೂಸುಗಳಲ್ಲಿ ಈ ಕಣಗಳ ದಟ್ಟಣೆಯೇ ಪುಪ್ಪುಸದ ಸಣ್ಣ ರಕ್ತನಾಳಗಳನ್ನು ಕಟ್ಟಿ ಪ್ರಾಣಾಪಾಯ ತರಬಲ್ಲುದು.

ಶಿಶುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆವು. ಅದು ಬದುಕಿ ಉಳಿಯಿತು. ಮನೆಯಲ್ಲಿ ಶಾಲೆಗೆ ಹೋಗುವ ಅಣ್ಣನೊಬ್ಬನಿದ್ದ, ಮೂರು ವಾರಗಳಿಂದ ಕೆಮ್ಮುತ್ತಿದ್ದ. ಹತ್ತು ದಿನಗಳ ಹಿಂದೆ ಅವನಿಗೆ ಕೆಮ್ಮಿನ ಔಷಧ ಬರೆದುಕೊಟ್ಟವನು ನಾನೇ. ಮನೆಯಲ್ಲಿ ಕೂಸಿದೆಯೇ ಎಂದು ಅಂದು ನಾನು ಕೇಳಲಿಲ್ಲ. ಇದನ್ನು ನಿಮ್ಮೆದುರು ಒಪ್ಪಿಕೊಳ್ಳುವುದಕ್ಕೆ ಸಂಕೋಚವಿದೆ. ಆದರೂ ಹೇಳಬೇಕು, ಏಕೆಂದರೆ ಮನೆಮನೆಗೆ ಹೋಗುವವರು ನೀವು. ಎರಡು ವಾರ ಮೀರಿದ ಕೆಮ್ಮು ಕಂಡರೆ ಮೊದಲು ತೊಟ್ಟಿಲನ್ನು ಹುಡುಕಿರಿ.

ಆ ತಾಯಿ ತರುವಾಯ ನನ್ನನ್ನು ಕೇಳಿದಳು: "ಮಾತ್ರೆ ಕೊಟ್ಟಿರಿ, ದೊಡ್ಡವನ ಕೆಮ್ಮು ಏಕೆ ನಿಲ್ಲಲಿಲ್ಲ?" ಅಜಿತ್ರೊಮೈಸಿನ್ ರೋಗಾಣುವನ್ನು ಕೊಲ್ಲುತ್ತದೆ, ಐದು ದಿನಗಳ ಚಿಕಿತ್ಸೆಯ ಬಳಿಕ ರೋಗ ಇತರರಿಗೆ ಹರಡುವುದಿಲ್ಲ. ಆದರೆ ವಿಷವು ಈಗಾಗಲೇ ಮಾಡಿದ ಹಾನಿಯನ್ನು ಅದು ಅಳಿಸದು. ರೋಮಗಳು ಮತ್ತೆ ಚಿಗುರುವವರೆಗೆ, ಹಲವು ವಾರ, ಕೆಮ್ಮು ಇದ್ದೇ ಇರುತ್ತದೆ.

ಕೂಸಿಗೆ ಆರನೆಯ ವಾರದ ಪೆಂಟಾವೇಲೆಂಟ್ ಚುಚ್ಚುಮದ್ದು ಬಿದ್ದಿರಲಿಲ್ಲ. ಜ್ವರ ಬಂದೀತೆಂದು ಅಜ್ಜಿ ಮುಂದೂಡಿದ್ದರಂತೆ. ಜ್ವರ ಬರುವುದುಂಟು, ಒಂದೆರಡು ದಿನ; ಪ್ಯಾರಾಸಿಟಮಾಲ್ ಸಾಕು. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಆ ವಿಷವನ್ನು ಅದು ಜೀವಕೋಶವನ್ನು ಮುಟ್ಟುವ ಮೊದಲೇ ಹಿಡಿಯುತ್ತವೆ. ಒಂದೇ ಸಲಕ್ಕೆ ಆ ಬಲ ಪೂರ್ಣವಾಗಿ ಬಾರದು. ಆದುದರಿಂದಲೇ ಹತ್ತನೆಯ ಮತ್ತು ಹದಿನಾಲ್ಕನೆಯ ವಾರ, ಬಳಿಕ 16ರಿಂದ 24 ತಿಂಗಳೊಳಗೆ, ಮತ್ತೆ ಐದು-ಆರು ವರ್ಷಕ್ಕೆ ಡಿ.ಪಿ.ಟಿ. ಅಣ್ಣನ ತಾಯಿಕಾರ್ಡಿನಲ್ಲಿ ಆ ಕೊನೆಯ ಚೌಕ ಖಾಲಿಯಿತ್ತು.